ಗೆಲ್ಲುವ ಆಸೆ ಜಾಸ್ತಿಯಾದಾಗ: 20-17ರಲ್ಲಿ ಮುಂದಿದ್ದವರು ಯಾಕೆ ಸೋಲುತ್ತಾರೆ?

ಪ್ಯಾರಿಸ್ ಒಲಿಂಪಿಕ್ಸ್ ಇನ್ನೂ ನಡೆಯುತ್ತಿರುವಾಗಲೇ, 2024ರ ಆಗಸ್ಟ್ ಮೊದಲ ವಾರ, ಕನ್ನಡ ನೆಲದ ಇಬ್ಬರು ದೊಡ್ಡ ಬ್ಯಾಡ್ಮಿಂಟನ್ ಆಟಗಾರರು ಎಲ್ಲರೆದುರು ಎದುರುಬದುರಾದರು. ಒಬ್ಬರು ಪ್ರಕಾಶ್ ಪಡುಕೋಣೆ, 1980ರ ಆಲ್ ಇಂಗ್ಲೆಂಡ್ ಚಾಂಪಿಯನ್. ಲಕ್ಷ್ಯ ಸೇನ್ ಕಂಚಿನ ಪದಕದ ಪಂದ್ಯ ಸೋತ ಕೂಡಲೇ ಅವರು ಬೇಸರ ತೋಡಿಕೊಂಡರು. ಸರ್ಕಾರ, ಫೆಡರೇಷನ್ ಎಲ್ಲರೂ ತಮ್ಮ ಪಾಲಿನದು ಮಾಡಿದ್ದಾರೆ, ಇನ್ನು ಆಟಗಾರರು ಜವಾಬ್ದಾರಿ ಹೊರಬೇಕು ಎಂದರು. ಇನ್ನೊಬ್ಬರು ಕೊಡಗಿನ ಅಶ್ವಿನಿ ಪೊನ್ನಪ್ಪ, ಅದೇ ಪ್ಯಾರಿಸ್‌ನಲ್ಲಿ ಡಬಲ್ಸ್ ಆಡಿದವರು. ಗೆದ್ದರೆ ಹೆಸರು ಹಂಚಿಕೊಳ್ಳಲು ಎಲ್ಲರೂ ಓಡಿ ಬರುತ್ತಾರೆ, ಸೋತರೆ ಮಾತ್ರ ಆಟಗಾರನ ತಪ್ಪಾ, ತಯಾರಿ ಮಾಡಿಸಿದ ಕೋಚ್‌ಗಳನ್ನು ಯಾಕೆ ಯಾರೂ ಕೇಳುವುದಿಲ್ಲ ಎಂಬ ಅರ್ಥದಲ್ಲಿ ಅವರು ಬರೆದರು. ಮುಂದೆ ಸುನೀಲ್ ಗವಾಸ್ಕರ್ ಕೂಡ ಇದಕ್ಕೆ ಇಳಿದು ಪಡುಕೋಣೆ ಪರ ನಿಂತರು.

ಈ ವಾದದಲ್ಲಿ ನಾನು ಯಾರ ಕಡೆ ಅಂದರೆ, ಅರ್ಧ ಪಡುಕೋಣೆ, ಮುಕ್ಕಾಲು ಅಶ್ವಿನಿ. ಎರಡೂ ಸೇರಿದರೆ ಒಂದಕ್ಕಿಂತ ಜಾಸ್ತಿ ಆಗುತ್ತದೆ, ಗೊತ್ತು. ಇಬ್ಬರ ಮಾತೂ ಒಂದು ಕಡೆ ಕೂಡುತ್ತದೆ, ಅದಕ್ಕೇ ಹಾಗೆ. ನಮ್ಮಲ್ಲಿ ಮನಸ್ಸಿನ ತರಬೇತಿಗೆ ಸಾಕಷ್ಟು ಬೆಲೆ ಕೊಡುತ್ತಿಲ್ಲ ಎಂದು ಅವತ್ತು ಪಡುಕೋಣೆಯವರೂ ಹೇಳಿದ್ದರು. ಅದು ಯಾರಿಗೂ ನೆನಪಿಲ್ಲ. ಟಿವಿ ಮುಂದೆ ಕೂತ ನಾವು ಮಾತ್ರ ಅದನ್ನೆಲ್ಲ ಒಂದೇ ಸಾಲಿಗೆ ಇಳಿಸಿಬಿಟ್ಟೆವು: ಹುಡುಗನಿಗೆ ಛಲ ಸಾಲದು.

ಆ ಸಾಲು ಎಷ್ಟು ನಿಜ? ಒಲಿಂಪಿಕ್ಸ್ ಸೆಮಿಫೈನಲ್ ತನಕ ಬಂದವರಿಗೆ ಛಲ ಕಡಿಮೆ ಇರಲು ಹೇಗೆ ಸಾಧ್ಯ? ಲಕ್ಷ್ಯ ಅಲ್ಮೋರಾದಿಂದ ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿಗೆ ಬಂದು, ಮನೆ ಬಿಟ್ಟು ಬೆಳೆದವರು. ಒಲಿಂಪಿಕ್ಸ್ ಪುರುಷರ ಸಿಂಗಲ್ಸ್‌ನಲ್ಲಿ ಭಾರತದ ಯಾರೂ ಮುಟ್ಟದ ಘಟ್ಟ ಮುಟ್ಟಿದವರು. ಇಂಥವರು ಕೊನೆ ಗಳಿಗೆಯಲ್ಲಿ ಎಡವಿದರೆ ಕಾರಣ ಬೇರೆಲ್ಲೋ ಇರಬೇಕು. ಕ್ರೀಡಾ ಮನಶ್ಶಾಸ್ತ್ರದವರು ನೂರು ವರ್ಷಕ್ಕೂ ಮೇಲಿಂದ ಕೆದಕುತ್ತಿರುವುದು ಇದನ್ನೇ. ಅವರಿಗೆ ಸಿಕ್ಕಿದ ಉತ್ತರ ನಮ್ಮ ಕಟ್ಟೆ ಮಾತಿಗೆ ಹೆಚ್ಚೂಕಡಿಮೆ ಉಲ್ಟಾ.

ಮೊದಲು ಅವತ್ತು ಆದದ್ದು ನೋಡೋಣ. ಆಗಸ್ಟ್ 4, ಸೆಮಿಫೈನಲ್, ಎದುರಿಗೆ ಹಾಲಿ ಚಾಂಪಿಯನ್ ವಿಕ್ಟರ್ ಆಕ್ಸೆಲ್ಸೆನ್. ಮೊದಲ ಗೇಮ್‌ನಲ್ಲಿ ಲಕ್ಷ್ಯ 20-17 ಮುಂದಿದ್ದರು. ಇನ್ನೊಂದೇ ಪಾಯಿಂಟ್ ಸಾಕು, ಅದಕ್ಕೆ ಮೂರು ಅವಕಾಶ. ಆಕ್ಸೆಲ್ಸೆನ್ ಸಾಲಾಗಿ ಐದು ಪಾಯಿಂಟ್ ತೆಗೆದು 22-20ರಲ್ಲಿ ಗೇಮ್ ಮುಗಿಸಿದರು. ಎರಡನೇ ಗೇಮ್‌ನಲ್ಲಿ ಲಕ್ಷ್ಯ 7-0 ಮುಂದೆ. ಸೋತದ್ದು 14-21ರಲ್ಲಿ. ಮರುದಿನ ಕಂಚಿಗಾಗಿ ಮಲೇಷ್ಯಾದ ಲೀ ಝೀ ಜಿಯಾ ಎದುರು ಮೊದಲ ಗೇಮ್ 21-13ರಲ್ಲಿ ಆರಾಮಾಗಿ ಗೆದ್ದರು. ಎರಡನೆಯದರಲ್ಲಿ 8-3 ಮುಂದಿದ್ದರು. ಅಲ್ಲಿಂದ 16-21, 11-21. ಮೂರು ಸಲ ದೊಡ್ಡ ಮುನ್ನಡೆ, ಮೂರು ಸಲವೂ ಕೈ ಜಾರಿತು. ನೋಡಿದವರಿಗೆ ಸಿಟ್ಟು ಬಂದದ್ದು ಸಹಜ.

ಆದರೆ ಸಿಟ್ಟಿನಲ್ಲಿ ಕೆಲವು ವಿಷಯ ಮರೆತುಹೋಗುತ್ತವೆ. ಕಂಚಿನ ಪಂದ್ಯದಲ್ಲಿ ಅವರ ಬಲ ಮೊಣಕೈಯಿಂದ ರಕ್ತ ಬರುತ್ತಿತ್ತು, ಪಟ್ಟಿ ಕಟ್ಟಿಸಿಕೊಳ್ಳಲು ಆಟ ನಿಲ್ಲಿಸಬೇಕಾಯಿತು. ಒಳಾಂಗಣದಲ್ಲಿ ಎಸಿ ಗಾಳಿ ಶಟಲನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಬೆನ್ನಿಗಿರುವ ಕಡೆಯಿಂದ ಆಡುವಾಗ ಲಿಫ್ಟ್ (ಎದುರಾಳಿಯ ಹಿಂದಕ್ಕೆ ಎತ್ತಿ ಹೊಡೆಯುವ ಹೊಡೆತ) ಸ್ವಲ್ಪ ಜೋರಾದರೂ ಶಟಲ್ ಹೊರಗೆ. ಆ ಕಡೆಯಿಂದ ಆಡುವುದು ಲಕ್ಷ್ಯಗೆ ಕಷ್ಟ ಎಂದು ಪಡುಕೋಣೆಯವರೇ ಅವತ್ತು ಹೇಳಿದ್ದರು. ಅಂದರೆ ನಾವು 'ಮನಸ್ಸು' ಎಂದು ಒಂದೇ ಡಬ್ಬಿಗೆ ಹಾಕಿದ್ದರಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ಗಾಯ, ಒಂದಿಷ್ಟು ಎದುರಾಳಿಯ ತಾಕತ್ತು. ಇಷ್ಟನ್ನೂ ಕಳೆದ ಮೇಲೆ ಉಳಿಯುವುದೇನೋ ಇದೆ, ಅದನ್ನೂ ಅಲ್ಲಗಳೆಯಬೇಕಿಲ್ಲ. ಆಟಗಾರರು ಅದಕ್ಕೆ 'ಟೈಟ್ ಆಗೋದು' ಅನ್ನುತ್ತಾರೆ.

ಟೈಟ್ ಆದಾಗ ಒಳಗೆ ಏನಾಗುತ್ತದೆ? ಎದೆ ಬಡಿತ ಏರುತ್ತದೆ, ಹಿಡಿತ ಬಿಗಿಯಾಗುತ್ತದೆ, ಉಸಿರು ಮೇಲೆಮೇಲೆ ಆಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಕಷ್ಟದ ಕೆಲಸಕ್ಕೆ ಒತ್ತಡ ತೀರಾ ಕಡಿಮೆಯಾದರೂ ತೀರಾ ಜಾಸ್ತಿಯಾದರೂ ಕೆಲಸ ಕೆಡುತ್ತದೆ, ನಡುವೆ ಎಲ್ಲೋ ಚೆನ್ನಾಗಿ ಆಗುತ್ತದೆ ಎಂದು ಕಂಡುಕೊಂಡರು. ಇವತ್ತು ಪ್ರತಿ ಕೋಚಿಂಗ್ ಕೋರ್ಸ್‌ನಲ್ಲೂ ಈ ಬೋರಲು ಬಿದ್ದ ಬೋಗುಣಿಯಂಥ ಗೆರೆ ಇರುತ್ತದೆ. ಅವರು ನೋಡಿದ್ದು ಆಟಗಾರರನ್ನಲ್ಲ, ಕರೆಂಟ್ ಶಾಕ್ ಕೊಟ್ಟ ಇಲಿಗಳನ್ನು ಅನ್ನುವುದು ಮಾತ್ರ ಆ ಚಿತ್ರದ ಕೆಳಗೆ ಬರೆದಿರುವುದಿಲ್ಲ.

ನಿಜವಾದ ವಿವರಣೆ ಸಿಕ್ಕಿದ್ದು ಬಹಳ ತಡವಾಗಿ. 1984ರಲ್ಲಿ ರಾಯ್ ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞ 'ಚೋಕ್' ಆಗುವುದರ, ಅಂದರೆ ಒತ್ತಡದಲ್ಲಿ ಗೊತ್ತಿರುವ ಆಟವೇ ಕೈಕೊಡುವುದರ ಬಗ್ಗೆ ಒಂದು ಮಾತು ಮುಂದಿಟ್ಟರು. ಗೆಲುವು ಮುಖ್ಯವಾದಷ್ಟೂ ಮನುಷ್ಯ ತನ್ನನ್ನೇ ಗಮನಿಸಿಕೊಳ್ಳಲು ಶುರುಮಾಡುತ್ತಾನೆ, ಆ ಗಮನವೇ ಆಟ ಕೆಡಿಸುತ್ತದೆ ಎಂದು. 2002ರಲ್ಲಿ ಶಿಯಾನ್ ಬೈಲಾಕ್ ಮತ್ತು ಸಂಗಡಿಗರು ಇದನ್ನು ಫುಟ್‌ಬಾಲ್ ಆಡುವವರ ಮೇಲೆ ನೋಡಿದರು. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಚೆಂಡು ಉರುಳಿಸಿಕೊಂಡು ಹೋಗಬೇಕು. ಒಮ್ಮೆ, ಪಾದದ ಯಾವ ಕಡೆ ಚೆಂಡಿಗೆ ತಾಗುತ್ತಿದೆ ಎಂದು ಗಮನ ಇಡಬೇಕು. ಇನ್ನೊಮ್ಮೆ, ಆಟಕ್ಕೆ ಸಂಬಂಧವೇ ಇಲ್ಲದ ಪದಗಳನ್ನು ಕೇಳಿಸಿಕೊಳ್ಳುತ್ತಾ ಆಡಬೇಕು. ಹೊಸಬರಿಗೆ ಪಾದದ ಮೇಲೆ ಗಮನ ಇಟ್ಟಾಗಲೇ ಅನುಕೂಲವಾಯಿತು. ನುರಿತವರು ಮಾತ್ರ ಪಾದ ನೋಡಿಕೊಳ್ಳಲು ಹೋಗಿ ನಿಧಾನವಾದರು, ಪದ ಕೇಳುತ್ತಾ ಸಲೀಸಾಗಿ ಆಡಿದರು. ಅದೇ ನುರಿತವರು ರೂಢಿಯಿಲ್ಲದ ಕಾಲಲ್ಲಿ ಆಡಿದಾಗ ಮತ್ತೆ ಹೊಸಬರಂತೆ ಪಾದ ಗಮನಿಸಿದರೇ ಒಳ್ಳೆಯದಾಯಿತು.

ದಿನಾ ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುವ ಕೈಯನ್ನು ನೋಡಿ. ಮೂವತ್ತು ವರ್ಷದಿಂದ ಎಳೆ ತಾನಾಗಿ ಬರುತ್ತಿರುತ್ತದೆ. ಹಬ್ಬದ ದಿನ ನೆಂಟರು ಪಕ್ಕದಲ್ಲಿ ನಿಂತು ನೋಡಲಿ, ಚುಕ್ಕಿ ಎಣಿಸಲು ಶುರು, ಗೆರೆ ಸೊಟ್ಟ. ಕೈಗೆ ಬಿಟ್ಟ ಕೆಲಸವನ್ನು ತಲೆ ವಾಪಸ್ ಕಿತ್ತುಕೊಂಡರೆ ಆಗುವುದು ಇದೇ. 20-17ರಲ್ಲಿ ಸರ್ವ್ ಮಾಡಲು ನಿಂತವರಿಗೆ ತಪ್ಪು ಮಾಡಬಾರದು ಅನ್ನಿಸುತ್ತದೆ. ತಪ್ಪು ಮಾಡಬಾರದು ಅಂದುಕೊಂಡ ತಕ್ಷಣ, ಹತ್ತು ವರ್ಷದಿಂದ ಯೋಚನೆಯೇ ಇಲ್ಲದೆ ಆಡಿದ ಹೊಡೆತದ ಮೇಲೆ ಗಮನ ಹೋಗುತ್ತದೆ. ಛಲ ಇಲ್ಲದವರಿಗೆ ಈ ತೊಂದರೆಯೇ ಇಲ್ಲ. ಹೋದರೆ ಹೋಗಲಿ ಅನ್ನುವವರ ಕೈ ಯಾಕೆ ಬಿಗಿಯಾಗಬೇಕು?

ಇದು ಒಂದೇ ದಾರಿ ಅಲ್ಲ ಅನ್ನುವವರೂ ಇದ್ದಾರೆ. ಚಿಂತೆ ತಲೆಯೊಳಗೆ ಜಾಗ ತಿನ್ನುತ್ತದೆ, ಎದುರಾಳಿ ಎಲ್ಲಿ ನಿಂತಿದ್ದಾನೆ ಅನ್ನುವುದಕ್ಕೆ ಜಾಗ ಉಳಿಯುವುದಿಲ್ಲ ಎನ್ನುವುದು ಅವರ ವಾದ. ಬ್ಯಾಡ್ಮಿಂಟನ್‌ನಲ್ಲಿ ಎರಡೂ ಬೇಕು: ಕೈ ತಾನಾಗಿ ಓಡಬೇಕು, ತಲೆ ಮುಂದಿನ ಮೂರು ಹೊಡೆತ ಯೋಚಿಸಬೇಕು. ಒತ್ತಡ ಎರಡಕ್ಕೂ ಕೈ ಹಾಕುತ್ತದೆ.

ಗೆಲ್ಲುವ ಆಸೆಗೂ ಸೋಲುವ ಭಯಕ್ಕೂ ಇರುವ ದೂರ ಎಷ್ಟು ಅನ್ನುವುದಕ್ಕೆ ಫುಟ್‌ಬಾಲ್ ಪೆನಾಲ್ಟಿ ಶೂಟೌಟ್‌ಗಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ. ನಾರ್ವೆಯ ಗೈರ್ ಯೋರ್ಡೆಟ್ ವರ್ಷಗಟ್ಟಲೆ ವಿಶ್ವಕಪ್, ಯೂರೋದಂಥ ಟೂರ್ನಿಗಳ ಶೂಟೌಟ್ ವಿಡಿಯೊಗಳನ್ನು ಕೂತು ನೋಡಿದವರು. ಈ ಒದೆ ಒಳಗೆ ಹೋದರೆ ತಂಡ ಗೆದ್ದೇಬಿಟ್ಟಿತು ಅನ್ನುವ ಹೊತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಗೋಲಾಗುತ್ತವೆ. ಇದು ತಪ್ಪಿದರೆ ತಂಡ ಸೋತೇಬಿಟ್ಟಿತು ಅನ್ನುವ ಹೊತ್ತಿನಲ್ಲಿ ಹತ್ತರಲ್ಲಿ ಸುಮಾರು ಆರು. ಚೆಂಡು ಅದೇ, ದೂರ ಅದೇ, ಒದೆಯುವ ಕಾಲಿಗೆ ಬರುವ ವಿದ್ಯೆಯೂ ಅದೇ. ಇನ್ನೂ ಒಂದು ಸಂಗತಿ: ಸೋಲಿನ ಅಂಚಿನಲ್ಲಿರುವವರು ರೆಫರಿ ಸೀಟಿ ಊದಿದ ಕೂಡಲೇ ಅವಸರದಿಂದ ಓಡಿ ಒದೆಯುತ್ತಾರೆ, ಬೇಗ ಮುಗಿದುಹೋಗಲಿ ಅಂತ. ಹೆಚ್ಚು ಹೆಸರು, ಪ್ರಶಸ್ತಿ ಪಡೆದ ಆಟಗಾರರು ಕಡಿಮೆ ಹೆಸರಿನವರಿಗಿಂತ ಜಾಸ್ತಿ ತಪ್ಪಿಸುತ್ತಾರೆ ಅನ್ನುವುದನ್ನೂ ಅವರು ತೋರಿಸಿದ್ದಾರೆ.

ಇಲ್ಲಿಗೆ 'ಗಟ್ಟಿ ಮನಸ್ಸು' ಎಂಬ ನಮ್ಮ ಕಲ್ಪನೆಯೂ ಸ್ವಲ್ಪ ಅಲ್ಲಾಡುತ್ತದೆ. ಅದು ಕೆಲವರಿಗೆ ಹುಟ್ಟಿನಿಂದ ಬಂದದ್ದು, ಕೆಲವರಿಗೆ ಇಲ್ಲ ಎಂದು ನಾವು ಮಾತಾಡುತ್ತೇವೆ. ಹಾಗಾದರೆ ಮನು ಭಾಕರ್ ಯಾವ ಗುಂಪಿಗೆ? 2021ರ ಟೋಕಿಯೊದಲ್ಲಿ ಪಿಸ್ತೂಲು ಕೈಕೊಟ್ಟು, ಫೈನಲ್‌ಗೆ ಹೋಗದೆ ಅಳುತ್ತಾ ಬಂದಾಗ 'ಮನಸ್ಸು ಗಟ್ಟಿ ಇಲ್ಲ' ಅಂದರು. 2024ರ ಜುಲೈ 28ಕ್ಕೆ ಪ್ಯಾರಿಸ್‌ನಲ್ಲಿ ಕಂಚು ಗೆದ್ದಾಗ ಉಕ್ಕಿನ ಮನಸ್ಸು ಅಂದರು. ಎರಡು ದಿನಕ್ಕೆ ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು. ಅದೇ ವಾರ, ಆಗಸ್ಟ್ 3ರಂದು 25 ಮೀಟರ್ ಪಿಸ್ತೂಲಿನಲ್ಲಿ ಶೂಟ್‌ಆಫ್ ಸೋತು ನಾಲ್ಕನೇ ಸ್ಥಾನ. ಅದೇ ಹುಡುಗಿ, ಅದೇ ವಾರ. ಉಕ್ಕು ಆರು ದಿನದಲ್ಲಿ ತುಕ್ಕು ಹಿಡಿಯಿತಾ? ಪ್ಯಾರಿಸ್‌ನಲ್ಲಿ ಭಾರತ ಆರು ಕಡೆ ನಾಲ್ಕನೇ ಸ್ಥಾನಕ್ಕೆ ನಿಂತಿತು, ಗೆದ್ದ ಪದಕವೂ ಆರೇ. ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ ಬಹಳ ಸಲ ಒಂದು ಗುಂಡು, ಒಂದು ಉಸಿರು. ಫಲಿತಾಂಶ ಬಂದ ಮೇಲೆ ಅದಕ್ಕೆ ತಕ್ಕ ಸ್ವಭಾವವನ್ನು ನಾವು ಹುಡುಕಿ ಅಂಟಿಸುತ್ತೇವೆ, ಅಷ್ಟೇ.

ಕಂಚು ಗೆದ್ದ ದಿನ ಮನು ಹೇಳಿದ್ದು ಗೀತೆಯ ಮಾತು: ಕೆಲಸ ನಿನ್ನದು, ಫಲ ನಿನ್ನದಲ್ಲ ಅನ್ನುವುದೇ ಫೈನಲ್‌ನಲ್ಲಿ ತಲೆಯಲ್ಲಿ ಓಡುತ್ತಿತ್ತು ಎಂದು. ಇದನ್ನು ಭಕ್ತಿ ಎಂದು ಓದುವವರು ಓದಲಿ. ಮನಶ್ಶಾಸ್ತ್ರದ ಕಣ್ಣಿಗೆ ಇದು ಚೊಕ್ಕವಾದ ತಂತ್ರ. ಅಂಕದ ಪಟ್ಟಿಯಿಂದ ಗಮನ ಕಿತ್ತು, ಮುಂದಿನ ಒಂದು ಗುಂಡಿನ ಮೇಲೆ ಇಡುವುದು.

ಇನ್ನು ದುಡ್ಡಿನ ವಿಷಯ. ಒಲಿಂಪಿಕ್ಸ್ ಬಂತೆಂದರೆ ರಾಜ್ಯ ಸರ್ಕಾರಗಳು ಹರಾಜಿನಂತೆ ಕೂಗುತ್ತವೆ: ಚಿನ್ನಕ್ಕೆ ಇಷ್ಟು ಕೋಟಿ, ಬೆಳ್ಳಿಗೆ ಇಷ್ಟು. 2021ರಲ್ಲಿ ನೀರಜ್ ಚೋಪ್ರಾಗೆ ಹರಿಯಾಣ 6 ಕೋಟಿ ಘೋಷಿಸಿತು. ಕರ್ನಾಟಕವೂ ಈ ಓಟದಲ್ಲಿ ಹಿಂದೆ ಬಿದ್ದಿಲ್ಲ. ಗೆದ್ದವರಿಗೆ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಇದರಿಂದ ಆಟಗಾರರು ಹುರುಪಿನಿಂದ ಆಡುತ್ತಾರೆ ಎಂಬ ನಂಬಿಕೆಗೆ ಆಧಾರ ಎಲ್ಲಿದೆ ಅನ್ನುವುದು ನನ್ನ ಪ್ರಶ್ನೆ. ಮದುರೈ ಸುತ್ತಲಿನ ಹಳ್ಳಿಗಳಲ್ಲೇ ಇದನ್ನು ಪರೀಕ್ಷಿಸಿದ್ದರು. ಡಾನ್ ಏರಿಯಲಿ, ಯೂರಿ ನೀಜಿ ಮುಂತಾದವರ ಆ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಗುರಿ ಎಸೆತ, ನೆನಪಿನ ಆಟ ಇತ್ಯಾದಿ ಆರು ಆಟ. ಚೆನ್ನಾಗಿ ಆಡಿದರೆ ಆಟಕ್ಕೆ ಕೆಲವರಿಗೆ 4 ರೂಪಾಯಿ, ಕೆಲವರಿಗೆ 40, ಕೆಲವರಿಗೆ 400. ಆಗ ಅಲ್ಲಿನ ಕೂಲಿಗೆ 400 ಅಂದರೆ ದೊಡ್ಡ ಮೊತ್ತ. ಎಲ್ಲರಿಗಿಂತ ಕೆಟ್ಟದಾಗಿ ಆಡಿದ್ದು 400ರ ಗುಂಪು. ಏರಿಯಲಿಯವರ ಬೇರೊಂದು ಸಂಶೋಧನೆ ಮುಂದೆ ದತ್ತಾಂಶದ ಗೊಂದಲದಿಂದ ವಾಪಸಾಯಿತು, ಹಾಗಾಗಿ ಇದನ್ನೂ ಉಪ್ಪಿನಷ್ಟೇ ಬಳಸಬೇಕು. ಆದರೂ ದಿಕ್ಕು ಬೌಮೈಸ್ಟರ್ ಹೇಳಿದ್ದೇ. ಪಣ ಏರಿದಷ್ಟೂ ಕೈ ನಡುಗುತ್ತದೆ.

ದುಡ್ಡಿಗೆ ಇನ್ನೊಂದು ಮುಖವಿದೆ. 1971ರಲ್ಲಿ ಎಡ್ವರ್ಡ್ ಡೆಸಿ ಕಾಲೇಜು ಹುಡುಗರಿಗೆ ತುಂಡು ಜೋಡಿಸುವ ಒಗಟು ಕೊಟ್ಟರು. ಒಂದು ಗುಂಪಿಗೆ ಬಿಡಿಸಿದ್ದಕ್ಕೆ ದುಡ್ಡು, ಇನ್ನೊಂದಕ್ಕೆ ಇಲ್ಲ. ಮುಂದೆ ಬಿಡುವಿನ ಹೊತ್ತಿನಲ್ಲಿ ಸುಮ್ನೆ ಖುಷಿಗೆ ಒಗಟು ಮುಟ್ಟಿದ್ದು ದುಡ್ಡು ಸಿಗದ ಗುಂಪೇ ಜಾಸ್ತಿ. ಇದರ ಮೇಲೆ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತದಲ್ಲಿ ಮನುಷ್ಯನ ಹುರುಪಿಗೆ ಮೂರು ಬೇರು: ಇದು ನನ್ನ ಆಯ್ಕೆ ಅನ್ನುವುದು, ನನಗೆ ಇದು ಬರುತ್ತದೆ ಅನ್ನುವುದು, ನನ್ನವರು ಜೊತೆಗಿದ್ದಾರೆ ಅನ್ನುವುದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್‌ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಶ್ರೀನಿವಾಸ ಗೌಡರು ನೆನಪಿದ್ದಾರಲ್ವಾ? ಆಗಿನ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಅವರು ಹೋಗಲಿಲ್ಲ, ಕಂಬಳದಲ್ಲೇ ಉಳಿದರು. ಅವಕಾಶ ಬಿಟ್ಟರಲ್ಲ ಎಂದು ಊರೆಲ್ಲ ಮರುಗಿತು. ಆದರೆ ಕೋಣಗಳ ಹಿಂದೆ ಕೆಸರಿನಲ್ಲಿ ಓಡುವವರಿಗೆ ಮೇಲಿನ ಮೂರೂ ಅಲ್ಲೇ ಇದ್ದವು. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಒಂದೂ ಇರಲಿಲ್ಲ.

ಹಾಗೆಂದು ಆಟಗಾರರಿಗೆ ದುಡ್ಡೇ ಬೇಡ ಅನ್ನುವುದು ಹೊಟ್ಟೆ ತುಂಬಿದವರ ವೇದಾಂತ. ಹದಿನೈದು ವರ್ಷದ ಓಟಗಾರ್ತಿಗೆ ಮೊಟ್ಟೆ, ಶೂ, ಬಸ್ ಚಾರ್ಜಿಗೆ ಸಿಗುವ ದುಡ್ಡು ಮೇಲೆ ಹೇಳಿದ ಎರಡನೇ ಬೇರಿಗೆ ನೀರು. ಗೆದ್ದ ಮೇಲೆ ಬರುವ ಕೋಟಿ ಬೇರೆಯೇ ಲೆಕ್ಕ. ಪ್ಯಾರಿಸ್ ತಯಾರಿಗೆ ಕೇಂದ್ರ ಸರ್ಕಾರ ಬ್ಯಾಡ್ಮಿಂಟನ್ ಒಂದಕ್ಕೇ ಸುಮಾರು 72 ಕೋಟಿ ಖರ್ಚು ಮಾಡಿತ್ತು. ಸೌಲಭ್ಯ ಕೊಟ್ಟಿದ್ದೇವೆ, ಇನ್ನು ಜವಾಬ್ದಾರಿ ನಿಮ್ಮದು ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆ ಮಾತು ಕಿವಿಗೆ ಬಿದ್ದ ಆಟಗಾರರು 20-17ರಲ್ಲಿ ನಿಂತಾಗ ಹೆಗಲ ಮೇಲೆ ಇನ್ನೊಂದು ಮೂಟೆ. ಜವಾಬ್ದಾರಿ ನೆನಪಿಸಿದರೆ ಆಟ ಸುಧಾರಿಸುತ್ತದೆ ಎಂದು ತೋರಿಸುವ ಪ್ರಯೋಗ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೂಟೆ ಹೊರಿಸುವುದರಲ್ಲಿ ನಾವು ಅಭಿಮಾನಿಗಳೂ ಕಡಿಮೆ ಇಲ್ಲ. 'ಈ ಸಲ ಕಪ್ ನಮ್ದೇ' ಅನ್ನುವುದನ್ನು ವರ್ಷಗಟ್ಟಲೆ ಕೂಗಿದವರು ನಾವು. ಆ ಮಾತು ಹೇಳುವುದನ್ನು ನಿಲ್ಲಿಸು ಎಂದು ವಿರಾಟ್ ಕೊಹ್ಲಿ ತಮಗೆ ಮೆಸೇಜ್ ಮಾಡಿದ್ದರು ಎಂದು ಎಬಿ ಡಿವಿಲಿಯರ್ಸ್ ಒಮ್ಮೆ ನಗುತ್ತಾ ಹೇಳಿದ್ದರು. ಆರ್‌ಸಿಬಿಗೆ ಐಪಿಎಲ್ ಕಪ್ ಬಂದದ್ದು 2025ರ ಜೂನ್ 3ಕ್ಕೆ. ಕೂಗಿದ್ದರಿಂದ ಬಂತೋ, ಕೂಗಿದರೂ ಬಂತೋ, ನನಗಂತೂ ಎರಡನೆಯದೇ ಸರಿ ಅನಿಸುತ್ತದೆ.

ಹಾಗಾದರೆ ಮಾಡುವುದೇನು? ಇಲ್ಲಿ ಅಶ್ವಿನಿಯವರ ಪ್ರಶ್ನೆಗೆ ಬೆಲೆ ಬರುತ್ತದೆ. ಒತ್ತಡದಲ್ಲಿ ಆಡುವುದು ಸ್ವಭಾವವಲ್ಲ, ಸ್ಮ್ಯಾಶ್‌ನಂತೆ ಅದೂ ಒಂದು ವಿದ್ಯೆ ಅಂತಾದರೆ, ಅದನ್ನು ಕಲಿಸುವುದು ತಯಾರಿಯ ಭಾಗ. ತಯಾರಿ ಮಾಡಿಸುವವರು ಕೋಚ್‌ಗಳು. ಅಭಿನವ್ ಬಿಂದ್ರಾ 2004ರ ಅಥೆನ್ಸ್ ಫೈನಲ್‌ನಲ್ಲಿ ಏಳನೆಯವರಾದರು. ಮುಂದಿನ ನಾಲ್ಕು ವರ್ಷ ಅವರು ಹೆಚ್ಚು ಗುಂಡು ಹಾರಿಸುವುದಕ್ಕಷ್ಟೇ ಕೂರಲಿಲ್ಲ. ಬೀಜಿಂಗ್‌ನ ದೊಡ್ಡ ಹಾಲ್‌ಗೆ ಒಗ್ಗಿಕೊಳ್ಳಲು ಮದುವೆ ಹಾಲ್ ಬಾಡಿಗೆಗೆ ಹಿಡಿದು ಅಭ್ಯಾಸ ಮಾಡಿದರು. 2008ರ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮುಂಚೆ ಅವರೂ ಫಿನ್‌ಲೆಂಡ್‌ನ ಹೆನ್ರಿ ಹಕ್ಕಿನೆನ್ ಅವರೂ ಸಮ. ಬಿಂದ್ರಾ 10.8 ಹೊಡೆದರು. ಹಕ್ಕಿನೆನ್ 9.7 ಹೊಡೆದು ಕಂಚಿಗೆ ಇಳಿದರು. 2016ರ ರಿಯೋದಲ್ಲಿ ಇದೇ ಬಿಂದ್ರಾ ನಾಲ್ಕನೆಯವರು. ವಿದ್ಯೆ ಇದ್ದರೂ ಪ್ರತಿ ಸಲ ಫಲ ಬರುವುದಿಲ್ಲ, ಅದೂ ಲೆಕ್ಕದಲ್ಲಿರಲಿ.

ದೊಡ್ಡ ತಂಡಗಳು ಇದನ್ನು ಅರ್ಥ ಮಾಡಿಕೊಂಡು ಬಹಳ ಕಾಲವಾಯಿತು. 2011ರಲ್ಲಿ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದ ಜೊತೆ ಮನಸ್ಸಿನ ತರಬೇತಿ ಕೊಡುವ ಪ್ಯಾಡಿ ಅಪ್ಟನ್ ಇದ್ದರು. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೆ ಚೆಸ್ ವಿಶ್ವ ಚಾಂಪಿಯನ್ ಆದಾಗ ಅವರ ಹಿಂದೆಯೂ ಅದೇ ಅಪ್ಟನ್. ಆದರೆ ಆಟಗಾರರು ರೂಪುಗೊಳ್ಳುವುದು ಅಲ್ಲಿಗೆ ಮುಟ್ಟಿದ ಮೇಲಲ್ಲ, ಜಿಲ್ಲಾ ಕ್ರೀಡಾ ಹಾಸ್ಟೆಲ್‌ಗಳಲ್ಲಿ. ಹಾಸನದ ಹಾಸ್ಟೆಲ್ಲಿನ ಹುಡುಗಿ ತನಗೆ ಸ್ಟಾರ್ಟಿಂಗ್ ಲೈನಿನಲ್ಲಿ ಕಾಲು ನಡುಗುತ್ತದೆ ಎಂದು ಯಾರಿಗೆ ಹೇಳಬೇಕು? ಹೇಳಿದರೆ ಸೆಲೆಕ್ಷನ್‌ನಲ್ಲಿ ಹೆಸರು ಬಿಟ್ಟುಬಿಡುತ್ತಾರೋ ಎಂಬ ಭಯ ಒಂದು ಕಡೆ. ಅದನ್ನು ಕನ್ನಡದಲ್ಲಿ ಕೂತು ಕೇಳುವ, ಆಯ್ಕೆ ಸಮಿತಿಗೆ ಸಂಬಂಧವಿಲ್ಲದ ಒಬ್ಬರು ಬೇಕು. ನನ್ನ ಮಟ್ಟಿಗೆ ಮೊದಲು ಆಗಬೇಕಾದ ಕೆಲಸ ಇದು.

ಅವರು ಬರುವ ತನಕ ಕೋಚ್‌ಗಳು ಕೈ ಕಟ್ಟಿ ಕೂರಬೇಕಿಲ್ಲ. ಜರ್ಮನಿಯ ಯುರ್ಗೆನ್ ಬೆಕ್‌ಮನ್ ಮತ್ತು ಜೊತೆಯವರು ಬ್ಯಾಡ್ಮಿಂಟನ್ ಸರ್ವ್ ಮೇಲೂ ಒಂದು ಪ್ರಯೋಗ ಮಾಡಿದ್ದಾರೆ. ಬಲಗೈ ಆಟಗಾರರು ಸರ್ವ್‌ಗೆ ಮುಂಚೆ ಎಡಗೈಯಲ್ಲಿ ಮೆತ್ತನೆ ಚೆಂಡು ಹಿಸುಕಿದರೆ ಒತ್ತಡದಲ್ಲೂ ಆಟ ಅಷ್ಟಾಗಿ ಕೆಡಲಿಲ್ಲವಂತೆ. ಸಣ್ಣ ಪ್ರಯೋಗ, ಇದನ್ನೇ ಮಂತ್ರ ಮಾಡಿಕೊಳ್ಳಬೇಡಿ. ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದರ ಮೇಲೆ. ಅಭ್ಯಾಸದ ಗೇಮನ್ನು 0-0ರಿಂದ ಶುರು ಮಾಡದೆ 18-18ರಿಂದ ಶುರು ಮಾಡಿ. 20-17ರಿಂದ ಶುರು ಮಾಡಿ, ಮುಂದಿರುವವರು ಗೇಮ್ ಮುಗಿಸಲಿ, ಹಿಂದಿರುವವರು ಬಿಡದಿರಲಿ. ಪಕ್ಕದ ಕೋರ್ಟಿನವರನ್ನೆಲ್ಲ ಕರೆದು ಸುತ್ತ ನಿಲ್ಲಿಸಿ, ಮೊಬೈಲಲ್ಲಿ ವಿಡಿಯೊ ಮಾಡಿ, ಸೋತವರು ನೆಟ್ ಬಿಚ್ಚಲಿ.

ಇದು ಒಲಿಂಪಿಕ್ಸ್‌ನ ಒತ್ತಡಕ್ಕೆ ಸಮವೇ ಎಂದು ಕೇಳಬಹುದು. ಅಲ್ಲ. ಆದರೆ ನೆದರ್‌ಲೆಂಡ್ಸ್‌ನ ರೌಲ್ ಔಡೆಯಾನ್ಸ್ ಮತ್ತು ಪೈಪರ್ಸ್ ಇದನ್ನೇ ನೋಡಿದ್ದಾರೆ. ಹತ್ತುವ ಗೋಡೆಯ ಮೇಲೆ ನಿಂತು ಡಾರ್ಟ್ ಎಸೆಯುವ ಪ್ರಯೋಗ ಅವರದು. ಸ್ವಲ್ಪವೇ ಅಳುಕಿನಲ್ಲಿ ಅಭ್ಯಾಸ ಮಾಡಿದವರು, ಮುಂದೆ ಅದಕ್ಕಿಂತ ಬಹಳ ಜಾಸ್ತಿ ಅಳುಕಾದಾಗಲೂ ಗುರಿ ತಪ್ಪಲಿಲ್ಲ. ಆರಾಮಾಗಿ ಅಭ್ಯಾಸ ಮಾಡಿದವರು ತಪ್ಪಿದರು.